ಅಪ್ಪಣೆ ಕೇಳುವುದು ಯಾರ ಹತ್ತಿರ?

ಮದುವೆಯಾಗಿ ಸಿದ್ದಾಪುರದ ಕಡೆಯ ಈ ಅಡಿಕೆ ತೋಟದ ಮನೆಗೆ ಬಂದ ವರ್ಷ ಮಾವ ನನ್ನನ್ನು ಹಳ್ಳದ ದಂಡೆಗೆ ಕರೆದುಕೊಂಡು ಹೋಗಿ ಎರಡೂ ದಿಕ್ಕು ತೋರಿಸಿದ್ದರು. ಈಚೆ ನಮ್ಮ ಸೊಪ್ಪಿನ ಬೆಟ್ಟ, ಆಚೆ ಕಾನು, ಅಂದರೆ ದೇವರ ದಟ್ಟ ಕಾಡು. ಬೆಟ್ಟಕ್ಕೆ ಬೇಕಾದಾಗ ಹೋಗು, ಸೊಪ್ಪು ತಾ, ಒಣಗಿ ಬಿದ್ದ ದರಕು ಗುಡಿಸು. ಕಾನಿಗೆ ಕಾಲಿಡುವ ಮೊದಲು ಮಾತ್ರ ಅದರ ದೇವಿ ಚೌಡಿಯ ಕಲ್ಲಿನ ಮುಂದೆ ನಿಂತು ಅಪ್ಪಣೆ ಕೇಳು ಅಂದರು. ಕಲ್ಲು ಉತ್ತರ ಹೇಗೆ ಕೊಡುತ್ತದೆ ಎಂದು ಕೇಳಿದೆ. ‘ಕೊಡುವವರೆಗೆ ನಿಂತಿರು’ ಅಂದರು. ಆ ಮಾತಿಗೆ ಈಗ ನಲವತ್ತು ವರ್ಷ. ನಾನು ಇನ್ನೂ ಅದರ ಜೊತೆಗೇ ಇದ್ದೇನೆ.

ಬೆಟ್ಟದ ಲೆಕ್ಕ ಸರಳ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಎಂಬುದು ಬ್ರಿಟಿಷರ ಕಾಲದಿಂದ ಬಂದ ಸವಲತ್ತು. ನೆಲ ಸರ್ಕಾರದ್ದು, ಸೊಪ್ಪು ನಮ್ಮದು. ಮತ್ತಿ, ಹೊನ್ನೆ, ನಂದಿಯ ಸೊಪ್ಪು ಕೊಟ್ಟಿಗೆಗೆ ಬಂದು ದನದ ಕಾಲಡಿ ಸಗಣಿ-ಗಂಜಲದಲ್ಲಿ ಕೊಳೆತು ಗೊಬ್ಬರವಾಗಿ ಅಡಿಕೆಯ ಬುಡ ಸೇರುತ್ತದೆ. ಮರದ ತುದಿ ಬಿಟ್ಟು ಕೊಂಬೆ ಸವರಬೇಕು, ಒಂದು ಮರಕ್ಕೆ ಪ್ರತಿ ವರ್ಷ ಕತ್ತಿ ಹಾಕಬಾರದು ಎಂಬುದು ಹಿರಿಯರ ಕಟ್ಟು. ಮಗಳ ಮದುವೆಯ ವರ್ಷ ಆಳುಗಳ ಅಡಚಣೆ, ಗಡಿಬಿಡಿ; ಒಂದು ದೊಡ್ಡ ಮತ್ತಿಯ ತುದಿಯನ್ನೇ ಇಳಿಸಿದರು. ನಾನು ಬುಡದಲ್ಲಿ ನಿಂತಿದ್ದೆ. ನೋಡಿದೆ, ಬೇಡ ಅನ್ನಲಿಲ್ಲ. ಮೂರನೆಯ ಬೇಸಿಗೆಗೆ ಮರ ಒಣಗಿತು. ಆ ಬೋಳು ಕಾಂಡ ಇವತ್ತಿಗೂ ಹಿತ್ತಲಿನಿಂದ ಕಾಣುತ್ತದೆ. ಈಗ ಎಷ್ಟೋ ಬೆಟ್ಟಗಳು ಕರಡ ಹುಲ್ಲಿನ ಬೋಳುಗುಡ್ಡಗಳಾಗಿವೆ. ಬೆಟ್ಟಕ್ಕೆ ಕಾಗದ ಇತ್ತು, ಹಕ್ಕು ಇತ್ತು. ಕತ್ತಿ ಎತ್ತುವ ಮುಂಚೆ ಒಂದು ಗಳಿಗೆ ನಿಲ್ಲಬೇಕಾದ ಜಾಗ ಮಾತ್ರ ಇರಲಿಲ್ಲ.

ಕಾನು ಬೇರೆ. ನಮ್ಮ ತಾಲೂಕಿನ ಕತ್ತಲೆಕಾನಿಗೆ ಒಮ್ಮೆ ಹೋಗಿ ನೋಡಿ. ರಾಮಪತ್ರೆ ಜಡ್ಡಿಯ ಕೆಸರಿನಿಂದ ಬೇರುಗಳು ಮಂಡಿ ಮಡಚಿದ ಹಾಗೆ ಮೇಲೆದ್ದು ಉಸಿರಾಡುತ್ತವೆ. ಸುತ್ತಲಿನ ತೊರೆ ಬತ್ತುವ ಕಾಲಕ್ಕೂ ಅಲ್ಲಿ ನೆಲ ಜಿನುಗುತ್ತಿರುತ್ತದೆ. ಅದೇ ಕಾನಿನಿಂದ ಕೇರಿನ ಬಳಗದ ಒಂದು ಮರವನ್ನು 2000ರಲ್ಲಿ ಹೊಸ ಪ್ರಭೇದವೆಂದು ವಿಜ್ಞಾನಿಗಳು ಗುರುತಿಸಿ, ಅದರ ಶಾಸ್ತ್ರೀಯ ಹೆಸರಿನಲ್ಲೇ ಕತ್ತಲೆಕಾನನ್ನು ಸೇರಿಸಿದರು. ಲೋಕದ ಸಸ್ಯಶಾಸ್ತ್ರಕ್ಕೆ ಗೊತ್ತೇ ಇಲ್ಲದ ಮರ ಅಷ್ಟು ಕಾಲ ಅಲ್ಲಿ ಉಳಿದಿತ್ತು.

1801ರಲ್ಲಿ ನಮ್ಮ ಜಿಲ್ಲೆಯಲ್ಲಿ ತಿರುಗಿದ ಕಂಪನಿ ಸರ್ಕಾರದ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಅಪ್ಪಣೆ ಕೇಳುವ ಇದೇ ಪದ್ಧತಿ ಕಂಡು ಬರೆದಿಟ್ಟಿದ್ದಾನೆ. ಕಾಡು ಊರದೇವರ ಆಸ್ತಿ. ಪೂಜಾರಿಯೂ ಆದ ಗೌಡನ ಅಪ್ಪಣೆಯಿಲ್ಲದೆ ಮರ ಕಡಿಯುವಂತಿಲ್ಲ. ಅಪ್ಪಣೆ ಕೊಟ್ಟಿದ್ದಕ್ಕೆ ದೇವರಿಗೆ ಏನೂ ಸಲ್ಲುವುದಿಲ್ಲ. ಕೇಳದೆ ಕಡಿದರೆ ಮಾತ್ರ ಕೇಡು. ಇದೆಲ್ಲ ಸರ್ಕಾರ ಕಾಡಿನ ಮೇಲೆ ಹಕ್ಕು ಹೂಡದ ಹಾಗೆ ತಡೆಯಲು ಜನ ಹೂಡಿದ ಉಪಾಯ ಎಂಬುದು ಅವನ ತೀರ್ಮಾನ.

ಆ ತೀರ್ಮಾನವನ್ನು ನಾನು ಬಹಳ ಸಲ ತಿರುಗಿಸಿ ನೋಡಿದ್ದೇನೆ. ಉಪಾಯವೇ ಇದ್ದೀತು. ಆದರೆ ಅದು ಸರ್ಕಾರದ ಕೈಗಿಂತ ಮೊದಲು ಕಟ್ಟಿದ್ದು ಊರಿನವರ ಕೈಯನ್ನೇ. ಅವನು ಬರೆದೂ ದಾಟಿ ಹೋದ ಮಾತು ಇನ್ನೊಂದಿದೆ: ದೇವರಿಗೆ ಏನೂ ಸಲ್ಲುವುದಿಲ್ಲ. ಏನನ್ನೂ ತೆಗೆದುಕೊಳ್ಳದ ಒಡೆಯ! ಆಮೇಲೆ ಬಂದ ಒಡೆಯರೆಲ್ಲ ಬೆಲೆ ಹೇಳಿದವರೇ. ತೇಗ ಬೇಕೆಂದರು, ರೈಲು ಹಳಿಗೆ ದಿಮ್ಮಿ ಬೇಕೆಂದರು, ಪ್ಲೈವುಡ್ಡಿಗೆ ಮರ ಬೇಕೆಂದರು. ಬೆಲೆ ಇದ್ದಲ್ಲಿ ಚೌಕಾಶಿ ಇರುತ್ತದೆ, ಕೊಟ್ಟು ಮುಗಿಸಿದೆ ಎಂಬ ನೆಮ್ಮದಿಯೂ ಇರುತ್ತದೆ. ಚೌಡಿಯ ಹತ್ತಿರ ಆ ನೆಮ್ಮದಿ ಸಿಗುವುದಿಲ್ಲ. ನನಗೆ ಇಷ್ಟು ಬೇಕು ಎಂದು ಬಾಯಿಬಿಟ್ಟು ಹೇಳಬೇಕು. ಹೇಳುವಾಗ ಎಷ್ಟು ಬೇಕು ಎಂಬುದು ನಮ್ಮ ಕಿವಿಗೇ ಕೇಳುತ್ತದೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಸೀಮೆಯ ಸಾಲ್ಕಣಿಯ ಜನ ಕಳಾಸೆಯ ಕಾಡಿಗೆ ಹೋಗಿ ಕಡಿತ ತಡೆಯಲು ಮರಗಳನ್ನು ಅಪ್ಪಿಕೊಂಡಾಗಲೂ, ಕೊಡಲಿ ಹಿಡಿದವರು ಒಂದು ಗಳಿಗೆ ನಿಲ್ಲಬೇಕಾಯಿತು.

ಭಯದಿಂದ ಕಾಡು ಉಳಿಯಿತು ಎಂದು ಹಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಭಯ ಒಂದು ತಲೆಮಾರಿಗೆ ಹೋಗಿಬಿಡುತ್ತದೆ. ನನ್ನ ಮಗನಿಗೆ ಚೌಡಿಯ ಭಯ ಎಳ್ಳಷ್ಟೂ ಇಲ್ಲ. ಆದರೂ ಹೆಜ್ಜೇನಿಗೆ, ಉಪ್ಪಾಗೆ ಹಣ್ಣಿಗೆ ಹೋಗುವಾಗ ಅವನು ಆ ಕಲ್ಲಿನ ಮುಂದೆ ಚಪ್ಪಲಿ ಬಿಟ್ಟು ನಿಲ್ಲುತ್ತಾನೆ. ದೇವಿ ಇದ್ದಾಳೆಯೇ ಎಂದು ಅವನನ್ನು ನಾನು ಕೇಳಿಲ್ಲ. ಅವನು ನಿಂತದ್ದು ನನಗೆ ಸಾಕು.

ಈಗ ಊರಿನಲ್ಲಿ ಚೌಡಿಗೆ ಗುಡಿ ಕಟ್ಟುವ ಮಾತು ನಡೆದಿದೆ. ಆರ್‌ಸಿಸಿ ಸ್ಲ್ಯಾಬು, ಟೈಲ್ಸು, ವಾಹನ ನಿಲ್ಲಲು ಅಂಗಳ. ಅದಕ್ಕೆ ಕಲ್ಲಿನ ನೆತ್ತಿಯ ಮೇಲೆ ಹರಡಿದ ಧೂಪದ ಮರ ಮತ್ತು ಅದರ ಹಿಂದಿನ ನಾಲ್ಕಾರು ಮರ ಹೋಗಬೇಕು. ಭಕ್ತಿಯಿಂದಲೇ ಕೇಳುತ್ತಿದ್ದಾರೆ, ನನಗೆ ಅನುಮಾನವಿಲ್ಲ. ಆದರೆ ಕೊಡಗಿನಲ್ಲಿ ಸಾವಿರಕ್ಕೂ ಮಿಕ್ಕಿ ದೇವರಕಾಡುಗಳಿವೆ. ಅಲ್ಲಿ ಎಷ್ಟೋ ದೇವರುಗಳಿಗೆ ಸೂರಿಲ್ಲ, ಮರದ ನೆರಳೇ ಗರ್ಭಗುಡಿ. ಕಾನು ಕಡಿದು ಗುಡಿ ಕಟ್ಟಿದ ಮೇಲೆ ಅಲ್ಲಿ ಕೇಳುವುದಾದರೂ ಏನನ್ನು?

ಗುಡಿ ಕಟ್ಟುವ ಸಮಿತಿಯ ಹಿರಿಯರಲ್ಲಿ ನನ್ನ ಬೇಡಿಕೆ ಇಷ್ಟೇ. ಕಟ್ಟಲೇಬೇಕೆಂದಿದ್ದರೆ ಹಳ್ಳದ ಈಚೆ, ತೋಟದ ಬೇಲಿಯ ಬದಿಗೆ ನಮ್ಮ ಐದು ಗುಂಟೆ ಜಾಗವಿದೆ. ಬರೆದು ಕೊಡುತ್ತೇನೆ. ಊಟದ ಮನೆ, ಅಂಗಳ ಎಲ್ಲ ಅಲ್ಲಿ ಆಗಲಿ. ಕಲ್ಲನ್ನು ಕದಲಿಸಬೇಡಿ, ಧೂಪದ ಮರಕ್ಕೆ ಕತ್ತಿ ಹಾಕಬೇಡಿ.