ಗ್ಯಾಲನ್ ಲೆಕ್ಕದ ತಾಯಂದಿರು

ಹಾಲನ್ನು ಗ್ಯಾಲನ್ ಲೆಕ್ಕದಲ್ಲಿ ಕೊಳ್ಳೋದು ನಿಮಗೆ ಗೊತ್ತು. ಜೇನ್ನೊಣಗಳನ್ನೂ ಹಾಗೇ ಮಾರ್ತಾರೆ ಅಂದ್ರೆ ನಂಬ್ತೀರಾ? ಒಂದು ಗ್ಯಾಲನ್ ಅಂದ್ರೆ ಸುಮಾರು 10,000 ಎಲೆಗೂಡು, ಒಳಗೆ ಒಂದೊಂದು ಮರಿ.

ಇವು ಎಲೆ ಕತ್ತರಿಸುವ ಜೇನ್ನೊಣಗಳು. ರಾಣಿಯಿಲ್ಲ, ನಾವು ತಿನ್ನೋ ಜೇನುತುಪ್ಪವೂ ಇಲ್ಲ. ಪ್ರತಿ ಹೆಣ್ಣೂ ಒಬ್ಬಳೇ ಎಲೆಚೂರು ತಂದು ಗೂಡು ಕಟ್ಟಿ, ಪರಾಗ ತುಂಬಿ, ಮೊಟ್ಟೆಯಿಟ್ಟು ಮುಚ್ಚುತ್ತಾಳೆ.

ಕೆನಡಾದ ಪ್ರೇರಿಗಳಲ್ಲಿ, ಅಮೆರಿಕದ ವಾಯವ್ಯ ರಾಜ್ಯಗಳಲ್ಲಿ ಆಲ್ಫಾಲ್ಫಾ ಬೀಜ ಬೆಳೆಯೋರು ಇವಳನ್ನೇ ನಂಬಿದ್ದಾರೆ. ನಮ್ಮ ಕಡೆ ಕುದುರೆ ಮಸಾಲೆ ಅಂತಾರಲ್ಲ, ಅದೇ ಮೇವು. ಅದರ ಹೂವು ಪಟ್ಟನೆ ಬಿಚ್ಚಿ ತಲೆಗೆ ಹೊಡೆಯುತ್ತೆ. ಮಾಮೂಲಿ ಜೇನು ತಪ್ಪಿಸ್ಕೊಳ್ಳೋದನ್ನ ಕಲಿಯುತ್ತೆ, ಇವಳು ಅಂಜೋದಿಲ್ಲ. ಬೆಳೆಗಾರರು ಚಳಿಗಾಲವಿಡೀ ಗೂಡುಗಳನ್ನು ತಣ್ಣಗಿಟ್ಟು, ಹೂವಿನ ಕಾಲಕ್ಕೆ ಮೂರು ವಾರ ಮೊದಲು ಸುಮಾರು 30 ಡಿಗ್ರಿ ಸೆಲ್ಸಿಯಸ್ ಬಿಸಿ ಕೊಡ್ತಾರೆ.

ಹುಟ್ಟೋ ದಿನವನ್ನೇ ನಾವು ನಿರ್ಧರಿಸೋದು ತಪ್ಪಾ? ನನಗೆ ಹಾಗನ್ನಿಸಲ್ಲ. ಹೂವಿಲ್ಲದಾಗ ಹೊರಬಂದರೆ ಅವಳಿಗೇ ಉಪವಾಸ. ನನ್ನ ತಕರಾರು ಬೇರೆ. ಕೆಲಸ ಬೇಗ ಮುಗೀಲಿ ಅಂತ ಹೊಲಕ್ಕೆ ವಿಪರೀತ ಜೇನು ಬಿಟ್ಟರೆ ಹೂವು ಬೇಗ ಖಾಲಿ. ಮರಿಗಳಿಗೆ ಪರಾಗ ಸಾಲಲ್ಲ. ಅಮೆರಿಕದ ಬೆಳೆಗಾರರು ಆ ಕೊರತೆಯನ್ನು ಕೆನಡಾದಿಂದ ಕೊಂಡು ತುಂಬ್ಕೊಳ್ತಾರೆ. ಲೆಕ್ಕ ಸರಿಹೋಯ್ತು, ನಷ್ಟ ಕಾಣಲಿಲ್ಲ.

ಅಂಕಿಅಂಶವೇ ನನ್ನ ಅನ್ನ, ಹಾಗಾಗಿ ಎಣಿಸಬೇಡಿ ಅನ್ನಲ್ಲ. ಆದರೆ ದುಡ್ಡು ಕೊಟ್ಟು ತುಂಬಿಸಿದ ಮಾತ್ರಕ್ಕೆ ಋಣ ತೀರಲ್ಲ. ಕೊಂಡದ್ದೆಷ್ಟು ಅನ್ನೋದರ ಪಕ್ಕದಲ್ಲೇ, ಹೋದ ವರ್ಷ ದುಡಿದವರ ಮಕ್ಕಳು ಎಷ್ಟು ಉಳಿದವು ಅಂತಲೂ ಬರೀಬೇಕು. ನಿಮ್ಮ ಕೆಲಸದ ಲೆಕ್ಕದಲ್ಲಿ ಅಂಥದೊಂದು ಕಾಲಂ ಇದೆಯಾ?