ಗುಟ್ಟಾಗಿ ಹಿಡಿದ ಮಾತು



ಹುಸಿ ಸಲ್ಲದೆಂದು ಬಸವಾದಿ ಶರಣರು ಕಲಿಸಿದರು. ಅದರಲ್ಲಿ ಎರಡು ಮಾತಿಲ್ಲ. ಆದರೆ ನಂಬಿದವರ ಬಾಯಿಂದ ಅವರಿಗರಿಯದಂತೆ ಎತ್ತಿಕೊಂಡ ಸತ್ಯಕ್ಕೆ ಏನೆನ್ನಬೇಕು? ಈಗ ಪ್ರತಿಯೊಬ್ಬರ ಕಿಸೆಯಲ್ಲೂ ಮಾತು ಹಿಡಿಯುವ ಯಂತ್ರವಿದೆ. ಹೊಲದ ವ್ಯವಹಾರ, ಅಡತಿ ಅಂಗಡಿಯ ಲೆಕ್ಕ, ಅಣ್ಣತಮ್ಮಂದಿರ ಪಾಲಿನ ಮಾತು, ಎಲ್ಲವನ್ನೂ ಹಿಡಿದಿಡುವವರಿದ್ದಾರೆ. ಆದ್ದರಿಂದ ಅಮೆರಿಕದ ಒಂದು ಪ್ರಕರಣವನ್ನು ವಿಚಾರಿಸುವುದು ಉಚಿತ.

ಲಿಂಡಾ ಟ್ರಿಪ್ ಮತ್ತು ಮೋನಿಕಾ ಲೆವಿನ್ಸ್ಕಿ ಅಲ್ಲಿನ ರಕ್ಷಣಾ ಇಲಾಖೆಯಲ್ಲಿ ಸಹೋದ್ಯೋಗಿಗಳು. ಟ್ರಿಪ್ ವಯಸ್ಸಿನಲ್ಲಿ ಬಹಳ ಹಿರಿಯರು. ಅಧ್ಯಕ್ಷ ಕ್ಲಿಂಟನ್ನರೊಂದಿಗೆ ತನಗಿದ್ದ ಸಂಬಂಧವನ್ನು ಲೆವಿನ್ಸ್ಕಿ ಆಕೆಯಲ್ಲಿ ತೋಡಿಕೊಂಡರು. 1997ರ ಅಕ್ಟೋಬರಿನಿಂದ ಟ್ರಿಪ್ ಆ ದೂರವಾಣಿ ಮಾತುಗಳನ್ನು ಟೇಪಿನಲ್ಲಿ ಹಿಡಿದರು. ಹೀಗೆ ಸುಮಾರು 20 ತಾಸಿನ ಮಾತು ಸಂಗ್ರಹವಾಯಿತು. 1998ರ ಜನವರಿಯಲ್ಲಿ ಅದು ಸ್ವತಂತ್ರ ತನಿಖಾಧಿಕಾರಿ ಕೆನೆತ್ ಸ್ಟಾರ್ ಅವರಿಗೆ ತಿಳಿಯಿತು. ಅದೇ ತಿಂಗಳ 13ರಂದು ಟ್ರಿಪ್ ಮೈಮೇಲೆ ಯಂತ್ರ ಬಚ್ಚಿಟ್ಟುಕೊಂಡು ಗೆಳತಿಯೊಡನೆ ಹೋಟೆಲಿನಲ್ಲಿ ಊಟಕ್ಕೆ ಕುಳಿತರು.

ಆ ಊಟದ ಮೇಜು ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಎದುರಿಗೆ ಕೂತು ಉಣ್ಣುವವರ ಕೊರಳಿಗೇ ಕುಣಿಕೆ ಹಾಕುವುದೆಂದರೆ ಸಣ್ಣ ಮಾತಲ್ಲ.

ಆದರೂ ಟ್ರಿಪ್ ಅವರ ವಾದವನ್ನು ಕೇಳದೆ ತೀರ್ಪು ಕೊಡಲಾಗದು. ಪೌಲಾ ಜೋನ್ಸ್ ಎಂಬ ಮಹಿಳೆ ಅಧ್ಯಕ್ಷರ ಮೇಲೆ ಹೂಡಿದ್ದ ದಾವೆಯಲ್ಲಿ ಪ್ರಮಾಣ ಮಾಡಿ ಸಾಕ್ಷಿ ನುಡಿಯಲು ಟ್ರಿಪ್‌ಗೆ ಕರೆ ಬಂದಿತ್ತು. ಸುಳ್ಳು ಹೇಳುವಂತೆ ಗೆಳತಿಯೇ ಒತ್ತಾಯಿಸುತ್ತಿದ್ದರು. ಹಿಂದೊಮ್ಮೆ ಅಧ್ಯಕ್ಷರ ವಕೀಲರು ಆಕೆಯ ಮಾತು ನಂಬತಕ್ಕದ್ದಲ್ಲವೆಂದು ಪತ್ರಿಕೆಗೆ ಹೇಳಿದ್ದರು. ಬಲಾಢ್ಯರ ಎದುರು ಬರಿಗೈಯವರ ಮಾತಿಗೆ ತೂಕವಿಲ್ಲ. ಟೇಪೊಂದೇ ಆಸರೆ. ಈ ವಾದ ಬಲವಾಗಿಯೇ ಇದೆ. ಆದರೆ ಸಾಕ್ಷಿಗೆ ಕರೆ ಬಂದದ್ದು ನವೆಂಬರಿನಲ್ಲಿ, ಟೇಪು ತಿರುಗತೊಡಗಿದ್ದು ಅಕ್ಟೋಬರಿನಲ್ಲಿ! ಟೇಪು ಮಾಡಲು ಸಲಹೆ ಕೊಟ್ಟವರು ಪುಸ್ತಕ ವ್ಯವಹಾರದ ಒಬ್ಬ ಏಜೆಂಟರು. ಆತ್ಮರಕ್ಷಣೆಯೊಂದೇ ಉದ್ದೇಶವೆಂದರೆ ಲೆಕ್ಕ ಸರಿಹೋಗುವುದಿಲ್ಲ.

ನಮ್ಮಲ್ಲಿಯೂ 1972ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಮುಂಬಯಿಯ ಶವವಿಚಾರಣಾಧಿಕಾರಿಯೊಬ್ಬರು ವೈದ್ಯರಿಂದ ಲಂಚ ಕೇಳಿದಾಗ, ವೈದ್ಯರ ಒಪ್ಪಿಗೆಯಿಂದ ಪೊಲೀಸರು ಆ ದೂರವಾಣಿ ಮಾತನ್ನು ಹಿಡಿದಿದ್ದರು. ಆ ಟೇಪು ಸಾಕ್ಷಿಯಾಗಿ ಸಂದಿತು. 2025ರ ಜುಲೈಯಲ್ಲಿ ಅದೇ ನ್ಯಾಯಾಲಯ, ವಿಚ್ಛೇದನದ ಮೊಕದ್ದಮೆಯಲ್ಲಿ ಗಂಡ ಹೆಂಡಿರ ಗುಪ್ತ ಮುದ್ರಣವೂ ಸಲ್ಲುತ್ತದೆಂದಿತು. ಕೋರ್ಟು ಒಪ್ಪಿತೆಂದ ಮಾತ್ರಕ್ಕೆ ಧರ್ಮ ಒಪ್ಪಿತೆಂದು ತಿಳಿಯಬೇಕಿಲ್ಲ. ಲಂಚ ಕೇಳುವವನು ನಮ್ಮನ್ನು ನಂಬಿ ಬಂದವನಲ್ಲ, ಹಿಂಡಲು ಬಂದವನು. ಅವನ ಮಾತು ಹಿಡಿದರೆ ಯಾವ ವಿಶ್ವಾಸವೂ ಮುರಿಯುವುದಿಲ್ಲ. ಅಳುತ್ತ ಬಂದವರ ಮಾತು ಹಾಗಲ್ಲ.

ಇನ್ನೊಬ್ಬ ಅಧ್ಯಕ್ಷ ನಿಕ್ಸನ್ನರದು ಬೇರೆಯೇ ಕಥೆ. ತಮ್ಮ ಕೋಣೆಯಲ್ಲಿ ತಾವೇ ಇರಿಸಿದ ಯಂತ್ರವೇ ಅವರನ್ನು ಕೆಡವಿತು. ಟೇಪು ಒಪ್ಪಿಸಬೇಕೆಂದು 1974ರ ಜುಲೈ 24ರಂದು ಅಲ್ಲಿನ ಸುಪ್ರೀಂ ಕೋರ್ಟ್ ಆಜ್ಞಾಪಿಸಿತು. ಆಗಸ್ಟ್ 9ರಂದು ಅವರು ಪದವಿ ಬಿಟ್ಟರು.

ಕ್ಲಿಂಟನ್ನರು ಉಳಿದುಕೊಂಡರು. ಏಳು ತಿಂಗಳು ಅಲ್ಲಗಳೆದು 1998ರ ಆಗಸ್ಟ್ 17ರಂದು ಒಪ್ಪಿಕೊಂಡರು. ಡಿಸೆಂಬರಿನಲ್ಲಿ ಕೆಳಮನೆ ದೋಷಾರೋಪ ಹೊರಿಸಿತು, 1999ರ ಫೆಬ್ರುವರಿ 12ರಂದು ಸೆನೆಟ್ ಬಿಡುಗಡೆ ಮಾಡಿತು. ಟೇಪಿನಿಂದ ಸತ್ಯ ಹೊರಬಿದ್ದದ್ದು ನಿಜ. ಆದರೆ ಅದರ ಬೆಲೆಯನ್ನು ಹೆಚ್ಚಾಗಿ ತೆತ್ತವರು ಅಧಿಕಾರಸ್ಥರಲ್ಲ, ತನ್ನ ಗುಟ್ಟು ದೇಶದ ಮನೆಮನೆಯ ಟಿ.ವಿ.ಯಲ್ಲಿ ಕೇಳಿಬಂದ ಆ 24 ವಯಸ್ಸಿನ ಹುಡುಗಿ. ಇಬ್ಬರ ಒಪ್ಪಿಗೆಯಿಲ್ಲದ ಮುದ್ರಣ ಮೇರಿಲ್ಯಾಂಡ್ ರಾಜ್ಯದಲ್ಲಿ ಅಪರಾಧ. ಅದಕ್ಕಾಗಿ ಟ್ರಿಪ್ ಮೇಲೂ 1999ರಲ್ಲಿ ಮೊಕದ್ದಮೆ ಬಂತು, 2000ದಲ್ಲಿ ಬಿದ್ದುಹೋಯಿತು.

2020ರ ಏಪ್ರಿಲ್ 8ರಂದು ಟ್ರಿಪ್ ವಿಷಮ ಕಾಯಿಲೆಯಲ್ಲಿದ್ದಾರೆಂದು ಕೇಳಿದ ಲೆವಿನ್ಸ್ಕಿ, ಹಿಂದಿನದೇನೇ ಇರಲಿ, ಆಕೆ ಗುಣವಾಗಲೆಂದು ಬಹಿರಂಗವಾಗಿ ಹಾರೈಸಿದರು. ಅದೇ ದಿನ ಟ್ರಿಪ್ ತೀರಿಕೊಂಡರು.