ತಪ್ಪು ಯಾರ ಖಾತೆಗೆ?



ಕಳೆದ ಅಮಾವಾಸ್ಯೆಯ ದಾಸೋಹದ ದಿನ ಅಕ್ಕಲಕೋಟೆ ಕಡೆಯ ಒಬ್ಬ ತಾಯಿ ಶ್ರೀಮಠದ ಕಾರ್ಯಾಲಯಕ್ಕೆ ಬಂದಿದ್ದರು. ಸೊಂಟದ ಮೇಲೆ ಮೂರು ವರ್ಷದ ಮಗು. ಇನ್ನೂ ಕತ್ತು ನಿಂತಿಲ್ಲ, ಕಾಲುಗಳು ಕತ್ತರಿಯಂತೆ ಬಿಗಿದಿವೆ. ಹುಟ್ಟಿದಾಗ ಕೂಸು ಅಳಲಿಲ್ಲವಂತೆ. "ಗ್ರಹಣದಾಗ ಹೊರಗ ಬಂದಿದ್ಳರಿ" ಎಂದರು ಜೊತೆಗಿದ್ದ ಅತ್ತೆ. ಆ ತಾಯಿ ಕೇಳಿದ್ದು ಒಂದೇ ಮಾತು: "ಅಣ್ಣಾರ, ನಂದೇನ್ ತಪ್ಪಾತ್ರಿ?"

ವಾಣಿಜ್ಯ ಓದಿದ ನನಗೆ ಪ್ರತಿಯೊಂದು ನಷ್ಟವನ್ನೂ ಯಾವುದಾದರೊಂದು ಖಾತೆಗೆ ಬರೆಯುವ ಅಭ್ಯಾಸ. ಮನೆಮಂದಿಯೂ ಅದನ್ನೇ ಮಾಡುತ್ತಾರೆ. ಅವರ ಕೈಗೆ ಮೊದಲು ಸಿಗುವುದು ಸೊಸೆಯ ಖಾತೆ, ಅದು ಬಿಟ್ಟರೆ ಪೂರ್ವಜನ್ಮದ್ದು. ಗ್ರಹಣಕ್ಕೂ ಮಗುವಿನ ಮಿದುಳಿಗೂ ಸಂಬಂಧವಿಲ್ಲ, ಆ ಮಾತು ಅಲ್ಲಿಗೇ ಇರಲಿ.

ಕಾರಣ ಹುಡುಕುವುದು ವೈದ್ಯರಿಗೂ ಸುಲಭವಾಗಿರಲಿಲ್ಲ. 1861ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಲಿಟ್ಲ್, ಮಕ್ಕಳ ಇಂಥ ಬಿಗಿತಕ್ಕೆ ಕಷ್ಟದ ಹೆರಿಗೆಯೂ ಆಗ ಉಸಿರು ಕಟ್ಟುವುದೂ ಕಾರಣವೆಂದರು. ಮುಂದೆ ಮನೋವಿಶ್ಲೇಷಣೆಗೆ ಹೆಸರಾದ ಫ್ರಾಯ್ಡ್ 1897ರಲ್ಲಿ ಬೇರೆ ಮಾತು ಹೇಳಿದರು: ಗರ್ಭದಲ್ಲೇ ತೊಂದರೆಗೊಳಗಾದ ಮಗುವಿನ ಹೆರಿಗೆ ಕಷ್ಟವಾಗಬಹುದು, ನಾವು ಕಾರಣವೆಂದುಕೊಂಡದ್ದು ಪರಿಣಾಮವೂ ಇರಬಹುದು. ಬಹುಕಾಲ ಅದಕ್ಕೆ ಯಾರೂ ಕಿವಿಗೊಡಲಿಲ್ಲ. ಶ್ರೀಮಂತ ದೇಶಗಳಲ್ಲಿ ಸೆರೆಬ್ರಲ್ ಪಾಲ್ಸಿಯ ಬಹುಪಾಲು ಮಕ್ಕಳಿಗೆ ಹೆರಿಗೆಯ ಹೊತ್ತಿನ ಉಸಿರುಕಟ್ಟುವಿಕೆ ಕಾರಣವಲ್ಲವೆಂದು ಈಗ ತಿಳಿದಿದೆ. ನಮ್ಮಲ್ಲಿ ಅದರ ಪಾಲು ಹೆಚ್ಚು.

ಹಾಗಾದರೆ ಯಾರದೂ ತಪ್ಪಿಲ್ಲವೆ? ಹಾಗೆನ್ನುವುದೂ ಮೋಸವೇ. ಅಳದ ಕೂಸನ್ನು ಒರೆಸಿ, ಬೆನ್ನು ತೀಡಿ, ಆಗಲೂ ಉಸಿರಾಡದಿದ್ದರೆ ಮೊದಲ ನಿಮಿಷದೊಳಗೆ ಚೀಲ ಮತ್ತು ಮಾಸ್ಕ್‌ನಿಂದ ಗಾಳಿ ಕೊಡಬೇಕು. ಅದನ್ನು ಕಲಿತ ಕೈ ಅಲ್ಲಿ ಇರದಿದ್ದರೆ ಅದು ವಿಧಿಯಲ್ಲ, ಮನುಷ್ಯರ ಹೊಣೆ. ಅಂಥ ಕೂಸು ಆಮೇಲೆ ಮೈ ಸಡಿಲ ಬಿಟ್ಟರೆ, ಮೊಲೆ ಚೀಪದಿದ್ದರೆ, ಕಣ್ಣು ಒಂದೇ ಕಡೆ ನೆಟ್ಟು ಸೈಕಲ್ ತುಳಿದಂತೆ ಕಾಲಾಡಿಸಿದರೆ ಅದು ಮಿದುಳಿನ ಪೆಟ್ಟಿನ ಲಕ್ಷಣವಿರಬಹುದು. ಕಾಲಾಡಿಸುವುದನ್ನು ಆಟವೆಂದು ನಕ್ಕ ಮನೆಗಳುಂಟು, ಅದು ಫಿಟ್ಸ್ ಆಗಿರಬಹುದು. ಆಗ ಜೇನು, ಬಜೆ ತಿಕ್ಕುತ್ತ ಕೂಡದೆ ನವಜಾತ ಶಿಶುಗಳ ಘಟಕಕ್ಕೆ ಒಯ್ಯಬೇಕು.

ಇನ್ನು ಹೊಣೆ ಹೊತ್ತು ಮಾಡಿದ ಕೆಲಸವೂ ಕೈಕೊಟ್ಟರೆ? ಹುಟ್ಟಿದ 6 ತಾಸಿನೊಳಗೆ ಆರಂಭಿಸಿ, ಮಗುವಿನ ಮೈಯನ್ನು 33.5 ಡಿಗ್ರಿಗೆ ಇಳಿಸಿ 72 ತಾಸು ಇಡುವ ಚಿಕಿತ್ಸೆಯಿಂದ ಪಾಶ್ಚಾತ್ಯ ದೇಶಗಳಲ್ಲಿ ಸಾವೂ ಅಂಗವೈಕಲ್ಯವೂ ಕಡಿಮೆಯಾದವು. ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳ ಆಸ್ಪತ್ರೆಗಳಲ್ಲಿ 408 ಶಿಶುಗಳ ಮೇಲೆ ಅದನ್ನೇ ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ತಂಪು ಮಾಡಿದವರಲ್ಲಿ ನೂರಕ್ಕೆ 42, ಮಾಡದವರಲ್ಲಿ 31 ಮಕ್ಕಳು ತೀರಿಕೊಂಡಿದ್ದವು. ನಮ್ಮ ಶಿಶುಗಳಿಗೆ ಪೆಟ್ಟು ಹೆರಿಗೆಗೂ ಮುಂಚೆಯೇ ಆರಂಭವಾಗಿರಬಹುದೆಂಬುದು ಸಂಶೋಧಕರ ಒಂದು ಊಹೆ. ಇದನ್ನು ಯಾರ ತಪ್ಪೆಂದು ಬರೆಯುವುದು? ಅಳೆದು ನೋಡಿದರು, ಬಂದದ್ದನ್ನು ಮುಚ್ಚಿಡಲಿಲ್ಲ. ನನ್ನ ಮಟ್ಟಿಗೆ ಅದು ಸಣ್ಣ ಧರ್ಮವಲ್ಲ.

ಆ ತಾಯಿಗೆ ಹೇಳಿದೆ: "ತಂಗಿ, ಹೆರಿಗಿ ಖೋಲಿಯೊಳಗ ಏನಾತೋ ನಂಗೊತ್ತಿಲ್ಲ. ಆದ್ರ ನಿಂದೇನೂ ತಪ್ಪಿಲ್ಲ." ಫಿಜಿಯೋಥೆರಪಿ ಬಿಡಬೇಡಿರೆಂದೂ ಹೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ ಅತ್ತೆ, "ಈಗ ಮತ್ತ ಮೂರು ತಿಂಗಳಾಗೇತ್ರಿ. ಈ ಸಲ ಹೆರಿಗಿ ಎಲ್ಲಿ ಮಾಡಸೂಣ್ರಿ?" ಎಂದು ಕೇಳಿದರು. ರಾತ್ರಿಯೂ ವೈದ್ಯರಿರುವ, ಶಿಶು ಘಟಕವಿರುವ ಆಸ್ಪತ್ರೆ ಯಾವುದು, ಅವರ ಊರಿಂದ ಎಷ್ಟು ದೂರ ಎಂದು ಇಬ್ಬರನ್ನೂ ಕೂರಿಸಿಕೊಂಡು ಚೀಟಿಯ ಮೇಲೆ ಬರೆದೆವು.